ಚಿಮಟ

ಇದೇ ಚಿಮಟದಲ್ಲಿ ಮೂವತ್ತೊಂದು ವರ್ಷ
ಕೂದಲೆಳೆಯಂಥ ಸ್ಪ್ರಿಂಗು ಹಿಡಿದಿದ್ದೇನೆ,
ಎಳ್ಳಿಗಿಂತ ಸಣ್ಣ ತಿರುಪು ಕೂಡ.
ಈಗ ಹುಲ್ಲು ನೆಡುತ್ತಿದ್ದೇನೆ, ನೀರೊಳಗೆ,
ಮೊಣಕೈವರೆಗೆ ಒದ್ದೆ.

ಉಪ್ಪಳದ ಬಸ್‌ಸ್ಟ್ಯಾಂಡಿನೆದುರು ನನ್ನ ಅಂಗಡಿ. ಬೋರ್ಡು
ಅರ್ಧ ಮಲಯಾಳ, ಅರ್ಧ ಕನ್ನಡ; ಮಳೆಗೆ ಎರಡೂ ಸಮನಾಗಿ ಮಾಸಿವೆ.
ಗಂಟೆ ಎಷ್ಟೆಂದರೆ ಯಾರೂ ಕೈ ಎತ್ತುವುದಿಲ್ಲ ಈಗ,
ಕಿಸೆಗೆ ಕೈ ಹಾಕುತ್ತಾರೆ.
ಖಾಲಿ ಶೋಕೇಸನ್ನು ಏನು ಮಾಡಲಿ ಎಂದು ಕೂತಿದ್ದಾಗ
ದುಬೈ ಸಾಮಾನಿನ ಅಂಗಡಿ ಮುಚ್ಚಿದ ಹಸೈನಾರಿಚ್ಚ
ಎರಡಡಿ ಉದ್ದದ ಗಾಜಿನ ತೊಟ್ಟಿ ತಂದಿಟ್ಟು ಹೋದರು:
"ಸೋರುವುದಿಲ್ಲ ಮಾರಾಯ, ಇಟ್ಟುಕೊ."

ಸೋರಿತು. ಸಿಲಿಕಾನ್ ಹಚ್ಚಿ ಮೂರು ದಿನ ಒಣಗಿಸಿದೆ.

ಅಡಿಗೆ ಪದವಿನ ಕೆಂಪು ಮಣ್ಣು, ಜರಡಿ ಹಿಡಿದದ್ದು, ಎರಡು ಬೆರಳು ದಪ್ಪ.
ಮೇಲೆ ಹೊಯಿಗೆ. ಏಳು ಸಲ ತೊಳೆದೆ, ಎಂಟನೆಯದಕ್ಕೂ
ಅಕ್ಕಿ ತೊಳೆದ ನೀರಿನ ಬಣ್ಣ.
ತಟ್ಟೆಯೊಂದನ್ನು ಮಗುಚಿಟ್ಟು ಅದರ ಬೆನ್ನ ಮೇಲೆ ಮೆಲ್ಲ ಹೊಯ್ದೆ,
ನಿದ್ದೆಯಲ್ಲಿದ್ದವರಿಗೆ ಹೊದಿಸುವ ಹಾಗೆ.
ಆದರೂ ಕದಡಿತು.

ಮಂಗಳೂರಿಂದ ಪ್ಲಾಸ್ಟಿಕ್ ಲೋಟದಲ್ಲಿ ತಂದ ಗಿಡ, ನೂರಿಪ್ಪತ್ತು ರೂಪಾಯಿ.
ಸುಗಂಧಿ ಎತ್ತಿ ಹಿಡಿದು ನೋಡಿದಳು, ನಗಲೂ ಇಲ್ಲ.
"ಇದು ನಮ್ಮ ಬಾಯಾರಿನ ಪಳ್ಳದ ಕಳೆ.
ದನವೂ ಮೂಸುವುದಿಲ್ಲ."
ಭಾನುವಾರ ಅವಳ ತವರಿಗೆ ಹೋಗಿ ನೋಡಿದೆ. ಹೌದು.
ಮುರಕಲ್ಲು ಕಡಿದ ಗುಂಡಿಯ ತುಂಬ
ಅದೇ ಕೆಂಪು ತುದಿ, ಅದೇ ಎಲೆ, ಬೆಲೆಚೀಟಿ ಮಾತ್ರ ಇಲ್ಲ.

ಮೊದಲ ವಾರದಲ್ಲೇ ಐದು ಮೀನು ಬಿಟ್ಟೆ. ನೀರು ಕನ್ನಡಿಯ ಹಾಗಿತ್ತು.
ಬುಧವಾರ ಎರಡು.
ಗುರುವಾರ ಮೂರು.
ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದೆ, ಕೈಗೆ ಬಂದ ಅಭ್ಯಾಸ.
ಗಡಿಯಾರ ನಿಂತರೆ ಬೆನ್ನು ಬಿಚ್ಚುತ್ತೇನೆ,
ಯಾವ ಹಲ್ಲು ಸವೆದಿದೆಯೆಂದು ಅದೇ ತೋರಿಸುತ್ತದೆ.
ನೀರಿನ ತಿರುಪು ಎಲ್ಲಿ?

ಬ್ಯಾಟರಿ ಹಾಕಿಸಲು ಬಂದವಳು ಫಾಯಿಝಾ, ಕಾಲೇಜಿನ ಹುಡುಗಿ.
"ಕಣ್ಣಿಗೆ ಕಾಣದವು ಮೊದಲು ಹೊಯಿಗೆಯಲ್ಲಿ ಒಕ್ಕಲಾಗಬೇಕು ಅಂಕಲ್,
ಮೀನಿನ ಹೊಲಸೇ ಅವಕ್ಕೆ ಊಟ.
ಒಂದು ತಿಂಗಳು ಬರೀ ನೀರನ್ನು ಸಾಕಿ."

ಬರೀ ನೀರನ್ನು ಸಾಕಿದೆ.
ದಿನಕ್ಕೊಂದು ಚಿಟಿಕೆ ತಿಂಡಿ, ತಿನ್ನುವವರಿಲ್ಲದ ಮನೆಗೆ.
ದೀಪ ಬೆಳಗ್ಗೆ ಹತ್ತಕ್ಕೆ, ಆರಿಸುವುದು ನಾಲ್ಕಕ್ಕೆ,
ನಡುವೆ ಕರೆಂಟು ಹೋದರೆ ಆ ಲೆಕ್ಕ ಕರೆಂಟಿನದು.
ಎಲೆಗಳೆಲ್ಲ ಕರಗಿ ಲೋಳೆಯಾದವು. ಕೀಳಬೇಡಿ ಎಂದಿದ್ದಳು, ಕೀಳಲಿಲ್ಲ.
ಗಾಜಿಗೆ ಹತ್ತಿದ ಪಾಚಿಯನ್ನು ಹಳೆಯ ಎಟಿಎಂ ಕಾರ್ಡಿನಲ್ಲಿ ಕೆರೆದೆ.
ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು;
ಪಗ್ಗು ತಿಂಗಳಲ್ಲಿ ನಮ್ಮ ಬಾವಿ ಉಪ್ಪು.
ಬಾಯಾರಿನಿಂದ ಬಸ್ಸಿನಲ್ಲಿ ಎರಡು ಕ್ಯಾನು ತಂದೆ.
"ಎಣ್ಣೆಯಾ?" ಎಂದ ಕಂಡಕ್ಟರ್.
ನೀರು ಎಂದೆ. ಲಗೇಜು ಚಾರ್ಜು ಬಿಡಲಿಲ್ಲ.

ಮೂವತ್ತೆಂಟನೆಯ ದಿನ ಸತ್ತಿತೆಂದುಕೊಂಡ ಕಡ್ಡಿಯ ಗೆಣ್ಣಲ್ಲಿ
ಒಂದು ಸುರುಳಿ, ಇನ್ನೂ ಬಿಚ್ಚದ್ದು.

ಅಂಗಡಿಯ ಮೀನು ಬೇಡವೆನಿಸಿತು. ತೋಡಿಗೆ ಇಳಿದು ನಾಲ್ಕು ಹಿಡಿದೆ,
ಒಂದೊಂದರ ನೆತ್ತಿಯಲ್ಲೂ ಬೆಳ್ಳಿಯ ಚುಕ್ಕೆ.
ಫಾಯಿಝಾಗೆ ಇವು ಮಾನತ್ತುಕಣ್ಣಿ, ಬಾನಿಗೆ ಕಣ್ಣಿಟ್ಟವು.
ಸುಗಂಧಿಗೆ ತೋಡಿನ ಮೀನು, ಅಷ್ಟೆ.
ಹಾರುತ್ತವೆ. ಒಂದು ಮೊದಲ ರಾತ್ರಿಯೇ ಹಾರಿತು,
ಬೆಳಗ್ಗೆ ರಿಪೇರಿಯ ಮೇಜಿನ ಮೇಲೆ ಒಣಗಿ ಸಿಕ್ಕಿತು.
ಶೋಕೇಸಿನ ಗಾಜು ಕಳಚಿ ಮುಚ್ಚಳ ಮಾಡಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಎಲೆಯ ಅಡಿಯಿಂದ ಗುಳ್ಳೆ ಏಳುತ್ತದೆ,
ಒಂದರ ಬೆನ್ನಿಗೆ ಒಂದು, ದಾರದಂತೆ.
ಕೈಗಡಿಯಾರ ನೋಡಿಕೊಂಡು ಎಣಿಸಿದೆ:
ನಿಮಿಷಕ್ಕೆ ನಲವತ್ತೊಂದು.
ನಿನ್ನೆ ಮೂವತ್ತಾರು.

ಚಿಮಟ ಒರೆಸಿ ಡಬ್ಬಿಗೆ ಹಾಕಿದೆ.
ಸರಿಮಾಡಲು ಹೋಗಲಿಲ್ಲ.